ಬೆಳಕಿಗೆ ಬಾರದ ಮಹಾಪ್ರಾಣ

ಮೊನ್ನೆ ಮಿಕ್ಸರ್ ಕೊಳ್ಳಲು ಹೋಗಿದ್ದೆವು. ಅಂಗಡಿಯವನು ಮೂರು ಮಿಕ್ಸರುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಕೂರಿಸಿ, ಒಂದೊಂದರ ತಲೆ ಸವರುತ್ತ ಗುಣಗಾನ ಶುರು ಮಾಡಿದ. ಮೊದಲನೆಯದು ಮುಗಿಸಿ ಎರಡನೆಯದಕ್ಕೆ ಬರುವಷ್ಟರಲ್ಲಿ ನಾನು ಕೂರಲು ಸ್ಟೂಲು ಹುಡುಕುತ್ತಿದ್ದೆ. ನನ್ನ ಹೆಂಡತಿ ಅವನಿಗೆ, "ಇವರನ್ನ ಕೇಳಬ್ಯಾಡ್ರಿ. ಆರಿಸೋದು ಅಂದ್ರೆ ಇವರಿಗೆ ಜ್ವರ ಬರ್ತದೆ" ಎಂದಳು. ಅವನು ನನ್ನನ್ನು ಕನಿಕರದಿಂದ ನೋಡಿದ. ಅವಳು ಬಿಳಿಯದರ ಮೇಲೆ ಬೆರಳಿಟ್ಟು "ಇದು" ಎಂದು ವ್ಯವಹಾರ ಮುಗಿಸಿಬಿಟ್ಟಳು.

ನಾನು ಹುಟ್ಟಿನಿಂದ ಹೀಗಿರಲಿಲ್ಲ. ಆರಿಸಲು ಏನೂ ಇಲ್ಲದ ಮನೆಯಲ್ಲಿ ಬೆಳೆದವನು. ಶಾಲೆಗೊಂದು ಅಂಗಿ ಇದ್ದವನಿಗೆ ಇವತ್ತು ಯಾವ ಅಂಗಿ ಎಂಬ ಯೋಚನೆ ಬರುವುದಿಲ್ಲ. ಅದು ಒಣಗಿದೆಯೋ ಇಲ್ಲವೋ ಎಂಬುದಷ್ಟೇ ಯೋಚನೆ. ಈ ಆಯಾಸ ನನಗೆ ಅಂಟಿಕೊಂಡದ್ದು ಶಿಕಾರಿಪುರದಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಾಗ. ಲೇಸರ್ ಬೆಳಕಿನಿಂದ ಗೋಡೆಯ ಮೇಲೆ ಚಿತ್ರ ಬರೆಸುವ ಹುಚ್ಚಿಗೆ ಬಿದ್ದು, ಅದಕ್ಕೊಂದು ಸಾಫ್ಟ್‌ವೇರ್ ಆರಿಸಲು ಹೊರಟೆ ನೋಡಿ, ಆಗ. ನಗಬೇಡಿ. ಹವ್ಯಾಸ ಎಂಬುದು ಊರು ನೋಡಿಕೊಂಡು ಬರುವುದಿಲ್ಲ.

ಆಗ ನಾನು ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಕಂಪ್ಯೂಟರ್. ಎರಡಕ್ಕೂ ಗುರುಶಾಂತಣ್ಣನವರೇ ಯಜಮಾನರು. ಯೂರಿಯಾದ ಘಾಟು ಮೆಟ್ಟಿಲು ಹತ್ತಿ ಬಂದು ಕೀಲಿಮಣೆಯ ಸಂದಿಯಲ್ಲಿ ಕೂತಿರುತ್ತಿತ್ತು. ಕೇಂದ್ರದ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆಸಿದ್ದೆ. ಪೇಂಟರ್ ಜಾಗ ಸಾಲದು ಎಂದಾಗ, ಹೆಸರು ಸಣ್ಣದು ಮಾಡು, ಅದನ್ನು ಮುಟ್ಟಬೇಡ ಎಂದಿದ್ದೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಬಸ್ಸಿನ ಬೋರ್ಡು ಓದಿದವರಿಲ್ಲ. ಬಸ್ಸಿನ ಬಣ್ಣ ನೋಡಿ, ಕಂಡಕ್ಟರನ ಮುಖ ನೋಡಿ ಹತ್ತುತ್ತಿದ್ದವರು. ಹಾಗಾಗಿ ಆ ಅಕ್ಷರಗಳನ್ನು ಚಿಕ್ಕದು ಮಾಡಲು ನನಗೆ ಮನಸ್ಸಿರಲಿಲ್ಲ. ಈಗಲೂ ಇಲ್ಲ.

ಗುರುಶಾಂತಣ್ಣನವರು ಒಮ್ಮೆ ಮುಂಬಯಿಗೆ ಹೋಗಿ ಬಂದಾಗ ಬೀಗದ ಕೈ ಗೊಂಚಲಿಗೆ ಸಿಕ್ಕಿಸುವ ಲೇಸರ್ ದೀಪವೊಂದನ್ನು ತಂದರು. ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆ. ರಸ್ತೆಯಾಚೆಯ ಹೋಟೆಲಿನವನ ಬನಿಯನ್ನಿನ ಮೇಲೆ ಚುಕ್ಕೆ ಇಟ್ಟು ಕೆಲವು ದಿನ ನಕ್ಕರು. ಬೇಸರ ಬಂದ ಮೇಲೆ ನನಗೆ ಕೊಟ್ಟರು. ಕಾಲೇಜಿನಲ್ಲಿ ನಾನು ಲೇಸರನ್ನು ಕಂಡದ್ದು ಬೀರುವಿನ ಗಾಜಿನಾಚೆ ಮಾತ್ರ. ಈಗ ಅದು ನನ್ನ ಜೇಬಿನಲ್ಲಿತ್ತು. ಸುಮ್ಮನಿರಲು ಹೇಗೆ ಸಾಧ್ಯ?

ಕೆಲಸದ ಬಗೆ ಇಷ್ಟೇ. ಎರಡು ಹಳೆಯ ಸ್ಪೀಕರುಗಳ ನಡುಮಧ್ಯಕ್ಕೆ ಉಗುರಿನಷ್ಟು ಒಂದೊಂದು ಕನ್ನಡಿ ಚೂರು ಅಂಟಿಸುವುದು. ಒಂದು ಕನ್ನಡಿ ಬೆಳಕನ್ನು ಅಡ್ಡಡ್ಡ ತೂಗುತ್ತದೆ, ಇನ್ನೊಂದು ಮೇಲೆ ಕೆಳಗೆ. ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವ ತಂತಿಯನ್ನು, ನಡುವೆ ಸ್ವಲ್ಪ ಬೆಸುಗೆಯ ಕೆಲಸ ಮಾಡಿ, ಈ ಸ್ಪೀಕರುಗಳಿಗೆ ಕೊಟ್ಟರೆ ಸಾಫ್ಟ್‌ವೇರ್ ಹೇಳಿದಂತೆ ಕನ್ನಡಿಗಳು ಅದುರುತ್ತವೆ. ಒಂದೇ ಚುಕ್ಕೆ ಗೋಡೆಯ ಮೇಲೆ ಎಷ್ಟು ಬೇಗ ಓಡುತ್ತದೆಂದರೆ ಕಣ್ಣಿಗೆ ಗೆರೆಯಾಗಿ ಕಾಣುತ್ತದೆ. ಚಿಕ್ಕವರಿದ್ದಾಗ ಊದುಬತ್ತಿ ಬೀಸಿ ಬೆಂಕಿಯ ಉಂಗುರ ಮಾಡುತ್ತಿದ್ದೆವಲ್ಲ, ಅದೇ.

ಕನ್ನಡಿ ಚೂರು ಎಂದ ಕೂಡಲೇ ನಮ್ಮೂರ ಶಾಲೆ ನೆನಪಾಗುತ್ತದೆ. ಸೊರಬ ತಾಲ್ಲೂಕಿನಲ್ಲಿ, ಉಳವಿಯಿಂದ ಇನ್ನೂ ಒಳಗೆ ನಮ್ಮೂರು. ಕಿಟಕಿ ಪಕ್ಕ ಕೂತವರು ಒಡೆದ ಕನ್ನಡಿಯಲ್ಲಿ ಬಿಸಿಲು ಹಿಡಿದು ಮಾಡಿನ ಮೇಲೆ, ಗೋಡೆಯ ಮೇಲೆ ಓಡಿಸುತ್ತಿದ್ದೆವು. ಒಮ್ಮೆ ಅದನ್ನು ಕಪ್ಪುಹಲಗೆಯ ಕಡೆ ಮುಖ ಮಾಡಿದ್ದ ಭರ್ಮಪ್ಪ ಮೇಷ್ಟ್ರ ಬೆನ್ನಿಗೆ ಬಿಟ್ಟೆ. ಅವರು ತಿರುಗಿಯೂ ನೋಡದೆ, "ಸೂರ್ಯನ್ನ ಕ್ಲಾಸಿಗೆ ಕರ್ಕೊಂಡು ಬಂದೋನು ಯಾರು? ಅವನಿಗೂ ಹಾಜರಿ ಹಾಕಬೇಕನಾ?" ಎಂದರು. ಹಾಗೆನ್ನುತ್ತಲೇ ಬರೆಯುತ್ತಿದ್ದ ಪದ ಮುಗಿಸಿ, ಅದರ ಒತ್ತು ಹಾಕಿ, ಆಮೇಲೆ ನನ್ನ ಕಿವಿಗೆ ಬಂದರು. ಪದವನ್ನು ಅರ್ಧಕ್ಕೆ ಬಿಟ್ಟು ಅವರು ಯಾವ ಕಿವಿಗೂ ಬರುತ್ತಿರಲಿಲ್ಲ.

ಭರ್ಮಪ್ಪ ಮೇಷ್ಟ್ರಿಗೆ ಮಹಾಪ್ರಾಣವೆಂದರೆ ನಿಜಕ್ಕೂ ಪ್ರಾಣ. ನಮ್ಮ ಕಡೆಯ ಬಾಯಲ್ಲಿ ಅದು ನಿಲ್ಲುವುದಿಲ್ಲ. ಭತ್ತ ಬತ್ತವೇ, ಧೂಳು ದೂಳೇ, ಭೂಮಿ ಬೂಮಿಯೇ. ಅವರು ನಮ್ಮ ಅಂಗೈಯನ್ನು ನಮ್ಮ ಬಾಯ ಮುಂದೆ ಹಿಡಿಸಿ, "ಭ ಅನ್ನು. ಉಸಿರು ಕೈಗೆ ಬಡೀತನಾ? ಬಡೀಲಿಲ್ಲ ಅಂದ್ರೆ ನನ್ನ ಕೈ ಬಡೀತದೆ" ಎನ್ನುತ್ತಿದ್ದರು. ಬರೆಯುವಾಗ ಅಕ್ಷರದ ಕೆಳಗೆ ಎಳೆಯುವ ಆ ಸಣ್ಣ ಗೆರೆಗೆ ನಾವು ಹೊಟ್ಟೆ ಸೀಳು ಎನ್ನುತ್ತಿದ್ದೆವು. ಸೀಳು ಮರೆತವನು ಅದೇ ಪದವನ್ನು ಪಾಟಿಯ ತುಂಬ ಬರೆಯಬೇಕು. ಹೀಗೆ ಬರೆದು ಬರೆದು ನನ್ನ ಕೈ ಸರಿಹೋಯಿತು. ನಾಲಿಗೆ ಸರಿಹೋಗಲಿಲ್ಲ. ಶಿವಮೊಗ್ಗದ ಕಾಲೇಜಿನ ಮೊದಲ ದಿನ ಎದ್ದು ನಿಂತು, ನನಗೆ ಬೌತಶಾಸ್ತ್ರ ಇಷ್ಟ ಎಂದೆ. ಮುಂದಿನ ಬೆಂಚು ಪೂರ್ತಿ ನಕ್ಕಿತು. ಪದವಿ ಮುಗಿಯುವವರೆಗೂ ನನ್ನ ಹೆಸರು ಬೌತ. ಪರೀಕ್ಷೆಯಲ್ಲಿ ಮಾತ್ರ ನಾನು ಬರೆದ ಒಂದು ಭ ಕೂಡ ಹೊಟ್ಟೆ ಮುಚ್ಚಿಕೊಂಡು ನಿಂತದ್ದಿಲ್ಲ. ನಗುವವರು ನಗಲಿ ಎಂದು ಆ ಗೆರೆಯನ್ನು ಇನ್ನಷ್ಟು ಒತ್ತಿ ಎಳೆಯುತ್ತಿದ್ದೆ. ಅದು ಮೇಷ್ಟ್ರು ಕೊಟ್ಟ ಬಲ.

ಈಗ ಹಾಲೇಶನ ವಿಷಯಕ್ಕೆ ಬರುತ್ತೇನೆ. ಅವನು ಮತ್ತು ನಾನು ಒಂದೇ ಮಣೆಯ ಮೇಲೆ ಕೂತು ಓದಿದವರು. ಉಳವಿಯಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದ. ನನ್ನ ಪ್ರಯೋಗಕ್ಕೆ ಹಾಳಾದ ಸ್ಪೀಕರುಗಳನ್ನು ಕೊಟ್ಟವನೂ ಅವನೇ. ಒಂದು ಮಧ್ಯಾಹ್ನ ಕೇಂದ್ರಕ್ಕೆ ಬಂದು ಬೆವರು ಒರೆಸಿಕೊಳ್ಳುತ್ತ, "ನಾಗು, ಬರ್ಮಪ್ಪ ಮೇಷ್ಟ್ರು ರಿಟೈರಾಗ್ತಾರೆ ಮಾರಾಯ. ಶಾಲೇಲಿ ಬೀಳ್ಕೊಡುಗೆ ಇಟ್ಕಂಡೀವಿ. ನಿಂದೊಂದು ಐಟಮ್ಮು ಬೇಕು" ಎಂದ.

"ನಂಗೆ ಬಾಷಣ ಬರಲ್ಲ ಕಣೋ."

"ಬಾಷಣ ಯಾರಿಗೆ ಬೇಕು? ಬಾಷಣ ಮಾಡೋರು ಸಾಲು ನಿಂತಾರೆ. ಶಾಲು, ಹಣ್ಣು, ಹಾರ ಎಲ್ಲ ಇದ್ದಿದ್ದೇ. ನೀನು ಆ ಕೆಂಪು ಲೈಟಲ್ಲಿ ಮೇಷ್ಟ್ರ ಹೆಸರು ಬರ್ಸು, ಗೋಡೆ ಮೇಲೆ. ಇಡೀ ಊರು ನೋಡ್ಬೇಕು. ಕನ್ನಡದಾಗೇ ಬರ್ಸು ಮತ್ತೆ, ಇಂಗ್ಲಿಷಲ್ಲಿ ಬರ್ಸಿದ್ರೆ ಮೇಷ್ಟ್ರು ಕೈ ಚಾಚು ಅಂತಾರೆ."

ಆಯಿತು ಎಂದುಬಿಟ್ಟೆ. ಆಗ ನನಗೆ ಹೆಸರಿನಲ್ಲಿ ಏನೇನಿದೆ ಎಂಬ ಲೆಕ್ಕವಿರಲಿಲ್ಲ. ಹಾಲೇಶ ಹೋದ ಮೇಲೆ ಕಾಗದದ ಮೇಲೆ ಬರೆದು ನೋಡಿದೆ. ಭರ್ಮಪ್ಪ. ಮೊದಲ ಅಕ್ಷರಕ್ಕೆ ಹೊಟ್ಟೆ ಸೀಳು, ನಡುವೆ ಅರ್ಕಾವೊತ್ತು, ಕೊನೆಗೊಂದು ಒತ್ತು. ಕನ್ನಡ ಮೇಷ್ಟ್ರಾಗಲೆಂದೇ ಇಟ್ಟ ಹೆಸರಿನಂತಿತ್ತು.

ನನ್ನ ಹತ್ತಿರ ಆಗ ಮೂರು ಸಾಫ್ಟ್‌ವೇರುಗಳಿದ್ದವು. ಮೊದಲನೆಯದು ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿತ್ತು. ಅದಕ್ಕೆ ಗೊತ್ತಿದ್ದದ್ದು ಸುತ್ತುವುದೊಂದೇ. ಉಂಗುರ, ಎಂಟು, ಎಂಟರೊಳಗೆ ಇನ್ನೊಂದು ಎಂಟು. ಕಾದ ಎಣ್ಣೆಗೆ ಬಿಟ್ಟಂತೆ ಗೋಡೆಯ ಮೇಲೆ ಅರಳುತ್ತಿತ್ತು. ಅದನ್ನು ಜಿಲೇಬಿ ಎಂದು ಕರೆದೆ. ಎರಡನೆಯದನ್ನು ಗುರುಶಾಂತಣ್ಣನವರ ಭಾವಮೈದುನ ಬೆಂಗಳೂರಿನಿಂದ ಫ್ಲಾಪಿಗಳಲ್ಲಿ ತುಂಬಿ ಕಳಿಸಿದ್ದ. ಮಳೆಗಾಲಕ್ಕೆ ಒಂದು ಫ್ಲಾಪಿ ಬೂಷ್ಟು ಹಿಡಿದು, ಅದನ್ನು ಮತ್ತೆ ತರಿಸಿ, ಕೊನೆಗೆ ಅದು ಬಾಯಿಬಿಟ್ಟಿತು. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬರೆಯುತ್ತಿತ್ತು. ಬರೆಯುವ ಮೊದಲು, ನೀನು ನನ್ನನ್ನು ಇನ್ನೂ ಕೊಂಡಿಲ್ಲ ಎಂದು ಪರದೆಯ ತುಂಬ ಗದರುತ್ತಿತ್ತು. ಅದಕ್ಕೆ ಸಾಹೇಬ ಎಂದು ಹೆಸರಿಟ್ಟೆ. ಮೂರನೆಯದು ಅದೇ ಫ್ಲಾಪಿಗಳ ಮೂಲೆಯಲ್ಲಿ ಅಡಗಿತ್ತು. ಯಾರೋ ಜರ್ಮನ್ ಹವ್ಯಾಸಿ ತನಗಾಗಿ ಬರೆದುಕೊಂಡು ಊರಿಗೆಲ್ಲ ಹಂಚಿದ್ದು. ಸೂಚನೆಗಳೂ ಜರ್ಮನ್ ಭಾಷೆಯಲ್ಲೇ. ಇದಕ್ಕೆ ಯಾವ ಅಕ್ಷರವೂ ಬಾರದು. ಆದ್ದರಿಂದ ಎಲ್ಲ ಅಕ್ಷರವೂ ಬರುತ್ತಿತ್ತು. ಗ್ರಾಫ್ ಹಾಳೆಯ ಮೇಲೆ ಅಕ್ಷರ ಬರೆದು, ಗೆರೆಯ ಮೇಲಿನ ಒಂದೊಂದು ಚುಕ್ಕೆಯ ಅಡ್ಡ ಎಷ್ಟು, ಉದ್ದ ಎಷ್ಟು ಎಂದು ತುಂಬಿಸಿದರೆ ಬೆಳಕು ಆ ಚುಕ್ಕೆಗಳನ್ನು ಒಂದಾದ ಮೇಲೊಂದು ಮುಟ್ಟಿಕೊಂಡು ಹೋಗುತ್ತಿತ್ತು. ಇವನು ಅಜ್ಜ.

ನೋಡಿದರೆ ಆರಿಸುವುದಕ್ಕೆ ಏನಿದೆ, ಅಜ್ಜನೇ ಸೈ ಎನಿಸುತ್ತದೆ. ನನಗೂ ಎನಿಸಿತು. ಪಾಠ ಮುಗಿಸಿ, ಮಕ್ಕಳನ್ನು ಕಳಿಸಿ, ಕಿಟಕಿಗೆ ಗೊಬ್ಬರದ ಚೀಲ ಕಟ್ಟಿ ಕತ್ತಲು ಮಾಡಿಕೊಂಡು ಕೂರುತ್ತಿದ್ದೆ. ಮಪ್ಪ ಬಂತು. ಅರ್ಕಾವೊತ್ತೂ ಬಂತು. ನಮ್ಮ ಅಕ್ಷರಗಳು ಗುಂಡಗಿರುವುದರಿಂದ ಕನ್ನಡಿಗಳಿಗೆ ತಿರುಗಲು ಹಿತವಾಗಿತ್ತು. ಭ ಮಾತ್ರ ಬ ಆಗಿಯೇ ಬೀಳುತ್ತಿತ್ತು. ಅಜ್ಜನಿಗೆ ಸೀಳಿನ ಚುಕ್ಕೆಗಳನ್ನು ಸರಿಯಾಗಿಯೇ ಕೊಟ್ಟಿದ್ದೆ. ಆದರೆ ಬೆಳಕು ವೇಗವಾಗಿ ಬರುವಾಗ ಕನ್ನಡಿ ಅಷ್ಟು ಚಿಕ್ಕ ಗೆರೆಗಾಗಿ ಇಳಿದು ಹತ್ತುವ ಗೋಜಿಗೆ ಹೋಗುತ್ತಿರಲಿಲ್ಲ. ಮೇಲಿಂದಲೇ ಜಾರಿ ಮುಂದೆ ಹೋಗುತ್ತಿತ್ತು, ಥೇಟ್ ನಮ್ಮೂರಿನವರ ನಾಲಿಗೆಯಂತೆ. ವೇಗ ತಗ್ಗಿಸಿದರೆ ಸೀಳು ಮೂಡುತ್ತಿತ್ತು. ಆಗ ಇಡೀ ಹೆಸರು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಹೆಸರು ನಿಂತರೆ ಸೀಳಿಲ್ಲ, ಸೀಳು ಬಂದರೆ ಹೆಸರು ನಿಲ್ಲುವುದಿಲ್ಲ.

ಬೇರೆ ಯಾರ ಹೆಸರಾದರೂ ಆಗಿದ್ದರೆ ನಾನು ಇಷ್ಟು ಸೊರಗುತ್ತಿರಲಿಲ್ಲ. ಮೇಷ್ಟ್ರ ಕೆಲಸದ ಕೊನೆಯ ದಿನ. ಅವರ ಕೈಯಲ್ಲಿ ತಿದ್ದಿಸಿಕೊಂಡು ಬಿ.ಎಸ್ಸಿ. ಮುಟ್ಟಿದವನು ನಾನು. ಅಂಥವನು ಊರೆಲ್ಲ ಸೇರಿಸಿ, ಆನೆಗಾತ್ರದಲ್ಲಿ, ಅವರ ಹೆಸರನ್ನೇ ತಪ್ಪು ಬರೆದು ತೋರಿಸುವುದೇ? ಅದನ್ನು ನೆನೆಸಿಕೊಂಡಾಗಲೆಲ್ಲ ಅಂಗೈ ಚುರುಗುಟ್ಟುತ್ತಿತ್ತು.

ಒಂದು ಸಂಜೆ ಗುರುಶಾಂತಣ್ಣನವರು ಅಂಗಡಿ ಮುಚ್ಚಿ ಮೇಲೆ ಬಂದರು. "ಏನ್ರೀ ಮಾಸ್ತರ, ಇನ್ನೂ ಮುಗಿದಿಲ್ಲೇನು?"

"ಹೊಟ್ಟೆ ಸೀಳು ಬರ್ತಿಲ್ಲ ಅಣ್ಣಾರೆ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಯಾರ ಹೊಟ್ಟೇರೀ?"

"ಭ ಅಕ್ಷರದ್ದು."

ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯ, ಸಾಹೇಬನ್ನ ಹಾಕ್ರೀ. ಬಿ ಆದಮ್ಯಾಲೆ ಒಂದು ಎಚ್ ಹೊಡದ್ರೆ ಆತು. ಇಂಗ್ಲಿಷ್ನಾಗೆ ಯಾರ ಹೊಟ್ಟೇನೂ ಸೀಳೋದು ಬ್ಯಾಡ."

"ಅವರು ಕನ್ನಡ ಮೇಷ್ಟ್ರು."

"ಹೌದಲ್ಲ." ಸ್ವಲ್ಪ ಯೋಚಿಸಿದರು. "ಹಂಗಾರೆ ಜಿಲೇಬಿ ಹಾಕ್ರೀ. ಜಿಲೇಬಿಗೆ ಸ್ಪೆಲ್ಲಿಂಗ್ ಇರಲ್ಲ."

ಇಷ್ಟರಲ್ಲಿ ನನ್ನ ಲೇಸರ್ ಸುದ್ದಿ ಊರಿನಲ್ಲಿ ತನ್ನದೇ ದಾರಿ ಹಿಡಿದಿತ್ತು. ಒಂದು ಬೆಳಿಗ್ಗೆ ಗೊಬ್ಬರಕ್ಕೆ ಬಂದ ಮುದುಕನೊಬ್ಬ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಅಂಗಿ ಎತ್ತಿ, ಸೊಂಟದ ಪಕ್ಕ ಕೈ ಇಟ್ಟು ತೋರಿಸಿದ. "ಇಲ್ಲಿ ಕಲ್ಲು ಐತೆ ಅಂದಾರೆ ಡಾಕ್ಟ್ರು. ಲೇಸರ್ನಾಗೆ ಪುಡಿ ಮಾಡ್ತಾರಂತಲ್ರೀ."

"ಅದು ಬೇರೆ ಲೇಸರ್ ಯಜಮಾನ್ರೆ. ಇದು ಗೋಡೆ ಮೇಲೆ ಬರೆಯೋದು."

"ಬರೆಯೋದು ಹೆಂಗೂ ಬರೀತಿರ್ತೀರಿ. ಹಂಗೇ ಒಂದ್ಸಲ ಈ ಕಡೀಗೂ ತೋರಿಸಿಬಿಡ್ರಿ."

ಎಷ್ಟು ಹೇಳಿದರೂ ಕದಲಲಿಲ್ಲ. ಕೊನೆಗೆ ಅವನ ಸಮಾಧಾನಕ್ಕೆ ಅಂಗಿಯ ಮೇಲೆ ಚುಕ್ಕೆ ಬಿಟ್ಟು ಕಳಿಸಿದೆ. ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಎಂದು ಮಾತು ತೆಗೆದುಕೊಂಡೇ ಬಿಟ್ಟೆ. ಅವನು ಇಳಿದು ಹೋಗುವುದನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು. ಅವನಿಗೆ ತನಗೇನು ಬೇಕೆಂದು ಗೊತ್ತಿತ್ತು. ನಾನು ಜಿಲೇಬಿಯಿಂದ ಸಾಹೇಬನಿಗೆ, ಸಾಹೇಬನಿಂದ ಅಜ್ಜನಿಗೆ, ಅಜ್ಜನಿಂದ ಮತ್ತೆ ಜಿಲೇಬಿಗೆ ಅಲೆಯುತ್ತಿದ್ದೆ. ಕನ್ನಡಿ ಸಣ್ಣದು ಮಾಡಿದೆ. ಅಂಟು ಬದಲಿಸಿದೆ. ಭ ಒಂದನ್ನೇ ದೊಡ್ಡದು ಮಾಡಿದೆ. ಅದು ಉಳಿದ ಅಕ್ಷರಗಳನ್ನು ಹೊಟ್ಟೆಗೆ ಹಾಕಿಕೊಳ್ಳುವಂತೆ ಕಂಡಿತು. ಊಟ ಮಾಡುವಾಗ ತಟ್ಟೆಯಲ್ಲಿ ಬೆರಳಿನಿಂದ ಸೀಳು ಎಳೆಯುತ್ತಿದ್ದೆ. ಕೊನೆಗೆ ಅಜ್ಜನನ್ನೇ ನಂಬಿ, ವೇಗ ತಗ್ಗಿಸಿ, ನಡುಗಿದರೆ ನಡುಗಲಿ, ತಪ್ಪಂತೂ ಆಗಬಾರದು ಎಂದು ನಿಶ್ಚಯಿಸಿದೆ. ನಿಶ್ಚಯ ಅನ್ನುವುದಕ್ಕಿಂತ ಸುಸ್ತು ಎನ್ನಬೇಕು. ನನ್ನ ಬಹಳಷ್ಟು ನಿಶ್ಚಯಗಳು ಹಾಗೆಯೇ ಆಗಿವೆ.

ಬೀಳ್ಕೊಡುಗೆಯ ದಿನ ಹಾಲೇಶ ತನ್ನ ಮೈಕಿನ ವ್ಯಾನು ತಂದ. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊರಬದ ರಸ್ತೆಯ ಹೊಂಡಗಳನ್ನೆಲ್ಲ ಮೊಣಕಾಲಿನಿಂದ ಎಣಿಸುತ್ತ ಹೋದೆ. ಶ್ರಾವ್ಯ ವ್ಯವಸ್ಥೆ, ಬೆಳಕಿನ ವ್ಯವಸ್ಥೆ ಎಲ್ಲ ನಮ್ಮದೇ ಎಂದು ಹಾಲೇಶ ದಾರಿಯುದ್ದಕ್ಕೂ ಸಿಕ್ಕವರಿಗೆ ಕೂಗಿ ಹೇಳುತ್ತಿದ್ದ.

ಶಾಲೆಯ ಅಂಗಳ ತುಂಬಿತ್ತು. ಭರ್ಮಪ್ಪ ಮೇಷ್ಟ್ರು ಶಾಲು ಹೊದ್ದು, ಕೊರಳ ಹಾರವನ್ನು ಮಡಿಲಲ್ಲಿಟ್ಟುಕೊಂಡು, ಒಬ್ಬೊಬ್ಬರ ಭಾಷಣವನ್ನೂ ಉತ್ತರಪತ್ರಿಕೆಯಂತೆ ಕೇಳುತ್ತಿದ್ದರು. ಯಾರೋ "ಬಾಗ್ಯ" ಎಂದಾಗ ಅವರ ಹುಬ್ಬು ಏರಿದ್ದನ್ನು ನಾನು ಕಂಡೆ. ಹೊತ್ತು ಮುಳುಗಿ, ಮಬ್ಬಾದ ಮೇಲೆ ಹಾಲೇಶ ದೀಪ ತೆಗೆಸಿದ. ಮೊದಲು ಜಿಲೇಬಿ ಬಿಟ್ಟೆ. ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಮೇಲೆ ಕೆಂಪು ಬಳ್ಳಿಗಳು ಸುತ್ತಿ ಬಿಚ್ಚಿ ಸುತ್ತಿದವು. ಮಕ್ಕಳು ಹೋ ಎಂದು ಕೂಗಿದವು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಖುಷಿಯಲ್ಲಿ ಊಟಕ್ಕೆ ಹೋಗುತ್ತಿದ್ದರು. ಆದರೆ ಹಾಲೇಶ ಮೈಕಿನಲ್ಲಿ, "ಈಗ ನಮ್ಮ ನೆಚ್ಚಿನ ಗುರುಗಳ ನಾಮದೇಯ, ಬೆಳಕಿನ ಅಕ್ಷರಗಳಲ್ಲಿ" ಎಂದು ಸಾರಿಬಿಟ್ಟ.

ಅಜ್ಜನನ್ನು ಶುರು ಮಾಡಿದೆ. ನನ್ನ ಕೋಣೆಯ ಗೋಡೆಯ ಮೇಲೆ ಹೇಗೋ ಸಹಿಸಬಹುದಾಗಿದ್ದ ನಡುಕ, ಶಾಲೆಯ ಗೋಡೆಯ ಅಗಲಕ್ಕೆ ಹಿಗ್ಗಿ, ಹೆಸರು ಹೆಸರಾಗಿ ಉಳಿಯಲಿಲ್ಲ. ಚೆಲ್ಲಾಪಿಲ್ಲಿಯಾಗಿ ಮಿಡುಕುವ ಕೆಂಪು ಎಳೆಗಳು.

"ಎಂಥ ಬರೆದಿದ್ದಾ ಅದು? ಹುಳ ಹರಿದಂಗೆ ಕಾಣ್ತದೆ."

"ಕಣ್ಣು ಉರೀತದಪ್ಪ, ತೆಗೀರಿ ಅದನ್ನ."

ಹಾಲೇಶ ಮೈಕಿನಲ್ಲಿ "ದಯಮಾಡಿ ಸಹಕರಿಸಬೇಕು" ಎನ್ನುತ್ತ, ಮೈಕನ್ನು ಕೈಯಲ್ಲಿ ಮುಚ್ಚಿ ನನ್ನ ಕಿವಿಯ ಹತ್ತಿರ ಬಂದ. "ನಾಗು, ಎಂಥಾದ್ರೂ ಮಾಡಾ. ಮರ್ಯಾದೆ ಹೋಗ್ತದೆ."

ಮೇಷ್ಟ್ರು ಕಣ್ಣು ಕಿರಿದು ಮಾಡಿ ಗೋಡೆಯನ್ನೇ ನೋಡುತ್ತಿದ್ದರು. ಓದಲು ಯತ್ನಿಸುತ್ತಿದ್ದರು. ಅಷ್ಟು ವರ್ಷ ನಮ್ಮೆಲ್ಲರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಓದಿದವರಿಗೆ ತಮ್ಮ ಹೆಸರನ್ನು ಓದಲು ಆಗುತ್ತಿರಲಿಲ್ಲ. ಅದನ್ನು ನೋಡಿ ನಾನು ವೇಗ ಹೆಚ್ಚಿಸುವ ಗುಂಡಿ ಒತ್ತಿದೆ.

ಎಳೆಗಳು ಕೂಡಿಕೊಂಡವು. ನಡುಕ ನಿಂತಿತು. ಗೋಡೆಯ ಈ ತುದಿಯಿಂದ ಆ ತುದಿಗೆ ಹೆಸರು ಸ್ಥಿರವಾಗಿ, ಕೆಂಪಗೆ, ತುಂಬಿಕೊಂಡು ನಿಂತಿತು. ಬರ್ಮಪ್ಪ.

ಓದು ಬಲ್ಲ ಮಕ್ಕಳು ಒಟ್ಟಾಗಿ "ಬರ್ಮಪ್ಪ ಮೇಷ್ಟ್ರು!" ಎಂದು ಕೂಗಿದವು. ಊರೆಲ್ಲ ಚಪ್ಪಾಳೆ ಹೊಡೆಯಿತು. ಯಾರಿಗೂ ತಪ್ಪು ಕಾಣಲಿಲ್ಲ. ಅವರು ಅಷ್ಟು ವರ್ಷ ಬಾಯಲ್ಲಿ ಹೇಳಿಕೊಂಡು ಬಂದದ್ದೇ ಗೋಡೆಯ ಮೇಲಿತ್ತು. ಆ ಅಂಗಳದಲ್ಲಿ ಅದು ತಪ್ಪು ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬ ಕೀಲಿಮಣೆಯ ಹಿಂದೆ ಕೂತಿದ್ದ. ಇನ್ನೊಬ್ಬರು ಕುರ್ಚಿಯಿಂದ ಏಳುತ್ತಿದ್ದರು.

ಮೇಷ್ಟ್ರು ಶಾಲನ್ನು ಕುರ್ಚಿಗೆ ಹಾಕಿ ಗೋಡೆಯ ಕಡೆ ನಡೆದರು. ಜೇಬಿಗೆ ಕೈ ಹಾಕಿ ಸೀಮೆಸುಣ್ಣದ ತುಂಡು ತೆಗೆದರು. ಬ ಅಕ್ಷರದ ಕೆಳಗೆ, ಎಲ್ಲಿ ಬೇಕೋ ಸರಿಯಾಗಿ ಅಲ್ಲಿ, ಒಂದು ಗೆರೆ ಎಳೆದರು. ಬಿಳಿ ಗೋಡೆಯ ಮೇಲೆ ಬಿಳಿ ಸುಣ್ಣ ಕಾಣಲಿಲ್ಲ. ಇನ್ನೊಮ್ಮೆ ಒತ್ತಿ ಎಳೆದರು. ಆಗಲೂ ಕಾಣಲಿಲ್ಲ. ಜನ ಇದೂ ಕಾರ್ಯಕ್ರಮವೇ ಎಂದುಕೊಂಡು ಮತ್ತೆ ಚಪ್ಪಾಳೆ ಹೊಡೆದರು. ನಾನು ಎದ್ದು ಅವರ ಹತ್ತಿರ ಹೋಗಿ, ಕೈ ಕಟ್ಟಿ ನಿಂತೆ.

"ಹೊಟ್ಟೆ ಸೀಳು ಎಲ್ಲೋ?" ಎಂದರು, ನನ್ನ ಕಡೆ ನೋಡದೆ.

"ಬರ್ಸಿದ್ರೆ ಹೆಸರು ನಿಲ್ಲಲ್ಲ ಸಾರ್. ಹೆಸರು ನಿಲ್ಲಿಸಿದ್ರೆ ಅದು ಬರಲ್ಲ. ಬಹಳ ನೋಡ್ದೆ."

ಬೆಳಕು ಅವರ ಬಿಳಿ ಅಂಗಿಯ ಭುಜದ ಮೇಲೂ ಬಿದ್ದು, ಅಲ್ಲೊಂದು ಒತ್ತು ಮಡಿಕೆಯಲ್ಲಿ ಮುರಿದುಕೊಂಡು ಕೂತಿತ್ತು. ಬೈಗುಳಕ್ಕೆ ಕಾಯುತ್ತ ನಿಂತಾಗ, ನನಗೆ ನಿಜವಾಗಿ ಹೇಳಬೇಕೆಂದರೆ, ಬೈದರೆ ಸಾಕಪ್ಪ, ಇದು ಮುಗಿದರೆ ಸಾಕು ಎನಿಸಿತ್ತು.

"ಬರ್ಮ" ಎಂದರು ಮೇಷ್ಟ್ರು. ಉಸಿರು ತಾಗದ ಹಾಗೆ, ಮೆತ್ತಗೆ. ಅವರ ಬಾಯಲ್ಲಿ ಹಾಗೊಂದು ಅಕ್ಷರವನ್ನು ನಾನು ಕೇಳಿದ್ದೇ ಮೊದಲು. "ನಮ್ಮವ್ವ ಹಿಂಗೇ ಕರೆಯೋಳು ಕಣೋ. ಸೀಳು ಹಾಕ್ಕಂಡಿದ್ದು ನಾನು, ಕೆಲಸಕ್ಕೆ ಸೇರೋವಾಗ. ಅವಳಿಗೆ ಕಡೇ ತನಕ ಬರ್ಲಿಲ್ಲ. ನಾನೂ ಬಿಡ್ಲಿಲ್ಲ. ಊಟಕ್ಕೆ ಕರೆದ್ರೂ ತಿದ್ದುತಿದ್ದೆ."

ಅಷ್ಟರಲ್ಲಿ ಹಾಲೇಶ ವೈರು ಸುತ್ತಿಕೊಳ್ಳುತ್ತ ಬಂದ. "ಸಾರ್, ಎಲೆ ಹಾಕಿದಾರೆ, ಊಟಕ್ಕೆ ಏಳ್ಬೇಕು. ನಾಗು, ಆರ್ಸಾ ಅದನ್ನ, ಲೈಟ್ ಹಾಕ್ತೀನಿ."

ಮೇಷ್ಟ್ರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು.

"ಸ್ವಲ್ಪ ಹೊತ್ತು ಇರ್ಲಿ," ಎಂದರು. "ಆರಿಸ್ಬೇಡ."